ಆರು ಕೂಲರುಗಳಿಗೆ ಒಂದು ತೆಂಗಿನಕಾಯಿ

ಆ ಆರು ಕೂಲರುಗಳನ್ನು ಆಯುಧಪೂಜೆಯ ಸಾಲಿಗೆ ತಂದಿಟ್ಟವನು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಫರಂಗಿಪೇಟೆಯಲ್ಲಿ ಈಗಲೂ ಒಂದಿಬ್ಬರು ಅದನ್ನು ಮೇಸ್ತ್ರಿ ಮಾಡಿದ ಎಡವಟ್ಟು ಎಂದು ಹೇಳಿಕೊಂಡು ತಿರುಗುತ್ತಾರೆ. ಮೇಸ್ತ್ರಿ ಪ್ರತಿ ವರ್ಷ ಮಾಡುತ್ತಿದ್ದದ್ದನ್ನೇ ಆ ವರ್ಷವೂ ಮಾಡಿದರು. ಬುದ್ಧಿ ಕೈಕೊಟ್ಟದ್ದು ನನಗೆ.

ತೊಂಬತ್ತರ ದಶಕದ ಕೊನೆಯ ದಿನಗಳು. ಹೆದ್ದಾರಿಯಿಂದ ನೇತ್ರಾವತಿಯ ಕಡೆಗೆ ಇಳಿಯುವ ದಾರಿಯಲ್ಲಿ ನಮ್ಮ ವರ್ಕ್‌ಶಾಪ್ ಇತ್ತು. ಎಲ್ಲ ಸೇರಿ ಹನ್ನೊಂದು ಜನ. ಧಣಿ ಅಲ್ಲಿನವರೇ ಆದ ಬ್ಯಾರಿ ಮುಸಲ್ಮಾನರು, ಗಲ್ಫಿನ ಫ್ಯಾಬ್ರಿಕೇಶನ್ ಯಾರ್ಡಿನಲ್ಲಿ ಬಹಳ ವರ್ಷ ದುಡಿದು ಬಂದು ಸ್ವಂತ ಕೆಲಸ ಶುರು ಮಾಡಿದವರು. ಮೇಸ್ತ್ರಿ ಅರುವತ್ತರ ಹತ್ತಿರದವರು, ಲೇತಿನ ಮೇಲೆ ಅವರು ಕೈ ಇಟ್ಟರೆ ಅಳತೆಗೋಲು ಬೇಡ. ನಾನು ವಾಮದಪದವಿನಿಂದ ದಿನಾ ಬಸ್ಸಿನಲ್ಲಿ ಬರುವವನು, ಡಿಪ್ಲೊಮಾ ಮಾಡಿಕೊಂಡು ಅಲ್ಲಿ ಗುಣಮಟ್ಟ ನೋಡುವ ಕೆಲಸದಲ್ಲಿದ್ದೆ. ಅಳೆಯುವುದು, ಪರೀಕ್ಷೆ ಮಾಡುವುದು, ಸಹಿ ಹಾಕುವುದು. ಕೆಲಸದವರು ನನಗೆ ಪೊಲೀಸ್ ಎಂದು ಹೆಸರಿಟ್ಟಿದ್ದರು. ನಾನು ಒಳಗೆ ಬಂದ ಕೂಡಲೇ ಯಾರಾದರೂ ಒಬ್ಬರು ಬೀಡಿ ಆರಿಸಿ, "ಪೊಲೀಸ್ ಬಂದ್ರು" ಎನ್ನುತ್ತಿದ್ದರು.

ಅಷ್ಟರವರೆಗೆ ನಾವು ಮಾಡಿದ್ದೆಲ್ಲ ಅಕ್ಕಿ ಗಿರಣಿಯ ಬಾಯ್ಲರ್ ಪೈಪು, ಗೇರುಬೀಜ ಕಾರ್ಖಾನೆಯ ಡ್ರಮ್ಮು, ಐಸ್ ಪ್ಲಾಂಟಿನ ಸುರುಳಿ. ಆ ವರ್ಷ ಬೆಂಗಳೂರಿನ ಒಂದು ಕಂಪನಿಯ ಮೂಲಕ ಅಣು ವಿದ್ಯುತ್ ಸ್ಥಾವರಕ್ಕೆ ಹೋಗುವ ಆರು ಸ್ಟೇನ್‌ಲೆಸ್ ಸ್ಟೀಲ್ ಕೂಲರುಗಳ ಕೆಲಸ ಸಿಕ್ಕಿತು. ತೊಡೆಯಷ್ಟು ದಪ್ಪದ, ಸೊಂಟದೆತ್ತರದ ಕೊಳವೆ ಒಂದೊಂದೂ. ಒಳಗೆ ಬೆರಳು ಗಾತ್ರದ ನಳಿಗೆಗಳ ಕಟ್ಟು. ನಳಿಗೆಗಳಲ್ಲಿ ಬಿಸಿ ನೀರು, ಅವುಗಳ ಸುತ್ತ ತಣ್ಣೀರು. ನೋಡಲಿಕ್ಕೆ ಮಹಾ ಏನೂ ಅಲ್ಲ.

ಕೆಲಸ ಶುರುವಾಗುವ ಮೊದಲು ಬೆಂಗಳೂರಿನಲ್ಲಿ ಒಂದು ದಿನದ ತರಗತಿ ಇತ್ತು. ಸ್ಥಾವರದ ಗುಣಮಟ್ಟ ವಿಭಾಗದ ಅಧಿಕಾರಿ, ಮೈಸೂರು ಕಡೆಯ ಹೆಂಗಸು, ಪಾಠ ಮಾಡಿದರು. ಅವರು ಹಲಗೆಯ ಮೇಲೆ ಒಂದು ಗೆರೆ ಎಳೆದರು. ಎತ್ತರದಿಂದ ಧಡಕ್ಕನೆ ಇಳಿದು, ಆಮೇಲೆ ನಿಧಾನವಾಗಿ, ಇನ್ನೂ ನಿಧಾನವಾಗಿ ಇಳಿಯುತ್ತಾ ಹೋಗುವ ಗೆರೆ. ಹಲಗೆ ಮುಗಿದರೂ ಅದು ಕೆಳಗಿನ ಗೆರೆಯನ್ನು ಮುಟ್ಟಲಿಲ್ಲ.

"ಸ್ವಿಚ್ ಆಫ್ ಮಾಡಿದ್ರೆ ಮಿಕ್ಸಿ ನಿಲ್ಲುತ್ತೆ. ರಿಯಾಕ್ಟರ್ ಹಾಗೆ ನಿಲ್ಲಲ್ಲ," ಎಂದರು. "ಯುರೇನಿಯಂ ಒಡೆಯೋದನ್ನ ನಾವು ನಿಲ್ಲಿಸಬಹುದು. ಆದರೆ ಆಗಲೇ ಒಡೆದು ಬಿದ್ದಿರೋ ಚೂರುಗಳಿವೆಯಲ್ಲ, ಅವು ತಮ್ಮಷ್ಟಕ್ಕೆ ತಾವು ಕ್ಷಯಿಸ್ತಾ ಬಿಸಿ ಬಿಡ್ತಾನೇ ಇರ್ತವೆ. ಅದನ್ನ ಆಫ್ ಮಾಡೋ ಸ್ವಿಚ್ ಯಾರ ಹತ್ರಾನೂ ಇಲ್ಲ."

ನಿಲ್ಲಿಸಿದ ಗಳಿಗೆಯಲ್ಲಿ ಪೂರ್ತಿ ಶಾಖದ ನೂರರಲ್ಲಿ ಆರು ಪಾಲು, ಒಂದು ಗಂಟೆಯ ಮೇಲೆ ಒಂದೂವರೆ ಪಾಲು, ಒಂದು ದಿನದ ಮೇಲೆ ಸುಮಾರು ಅರ್ಧ ಪಾಲು. ಅರ್ಧ ಪಾಲು ತಾನೇ ಎಂದು ನಾನು ಅಂದುಕೊಳ್ಳುವಷ್ಟರಲ್ಲಿ ಅವರು ಲೆಕ್ಕ ಮಾಡಿ ತೋರಿಸಿದರು. ಮನೆಯಲ್ಲಿ ನೀರು ಕಾಯಿಸುವ ಸಾವಿರ ವಾಟಿನ ಹೀಟರುಗಳು ಮೂರೂವರೆ ಸಾವಿರದಷ್ಟು, ಒಂದೇ ಕೋಣೆಯಲ್ಲಿ, ಹಗಲೂ ರಾತ್ರಿ. ನೀರು ಹರಿಯುವುದು ನಿಂತರೆ ಇಂಧನ ತನ್ನ ಬಿಸಿಗೆ ತಾನೇ ಕರಗುತ್ತದೆ.

ಆ ನೀರನ್ನು ತಿರುಗಿಸುವ ಪಂಪಿನಲ್ಲಿ ಸೋರಿಕೆ ತಡೆಯುವ ಸೀಲನ್ನು ತಂಪಾಗಿಡುವುದೇ ನಮ್ಮ ಕೂಲರಿನ ಕೆಲಸ. ಕೂಲರ್ ಬಿರುಕು ಬಿಟ್ಟರೆ ಸೀಲ್ ಬಿಸಿಯಾಗುತ್ತದೆ, ಪಂಪನ್ನು ನಿಲ್ಲಿಸಲೇಬೇಕಾಗುತ್ತದೆ. ನಾನು ಧೈರ್ಯ ಮಾಡಿ ಕೈ ಎತ್ತಿ ಕೇಳಿದೆ, ಒಂದು ಪಂಪು ಹೋದರೆ ಇನ್ನೊಂದು ಇರುತ್ತದಲ್ಲ ಎಂದು.

"ಇರುತ್ತೆ," ಎಂದರು. "ಅದರ ಕೂಲರನ್ನೂ ನೀವೇ ಮಾಡ್ತಿರೋದು. ತಪ್ಪು ಮಾಡಿದ್ರೆ ಎರಡರಲ್ಲೂ ಒಂದೇ ತಪ್ಪಿರುತ್ತೆ."

ಹಲಗೆಯ ಮೇಲಿನ ಗೆರೆಯನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬಂದವನು ಅದನ್ನು ದೊಡ್ಡದಾಗಿ ಮಾಡಿ ನನ್ನ ಮೇಜಿನ ಎದುರಿನ ಗೋಡೆಗೆ ಅಂಟಿಸಿದೆ. ಅದೇನೆಂದು ಯಾರೂ ಕೇಳಲಿಲ್ಲ, ನಾನೂ ಯಾರಿಗೂ ಹೇಳಲಿಲ್ಲ. ಇವರಿಗೆಲ್ಲ ಅದು ಯಾಕೆ, ನಿಯಮ ಹೇಳಿದರೆ ಸಾಕು ಎಂಬ ದೊಡ್ಡಸ್ತಿಕೆ ನನ್ನದು.

ನಿಯಮಗಳಂತೂ ಬೇಕಷ್ಟಿದ್ದವು. ಸ್ಟೇನ್‌ಲೆಸ್ ಸ್ಟೀಲಿಗೆ ಕ್ಲೋರೈಡ್ ಆಗುವುದಿಲ್ಲ. ಉಪ್ಪಿನಲ್ಲಿರುವುದು ಅದೇ ಕ್ಲೋರೈಡ್. ಬಿಸಿಯಲ್ಲಿ, ಒತ್ತಡದಲ್ಲಿ, ಎಲ್ಲೋ ಸಂದಿಯಲ್ಲಿ ಅದು ಸ್ವಲ್ಪ ಕೂತಿದ್ದರೂ ವರ್ಷಗಳ ಮೇಲೆ ಲೋಹ ಒಳಗೊಳಗೇ ಕವಲು ಕವಲಾಗಿ ಸೀಳುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಹಾಗಾಗಿ ಬರಿಗೈಯಲ್ಲಿ ಮುಟ್ಟಬಾರದು, ಬೆವರು ಬೀಳಬಾರದು, ಪೇಟೆಯ ಮಾರ್ಕರ್ ಪೆನ್ನು ಆಗದು, ಎಲ್ಲ ಟೇಪೂ ಆಗದು, ಬಾವಿಯ ನೀರಂತೂ ಆಗಲೇ ಆಗದು. ವರ್ಕ್‌ಶಾಪಿನ ಒಂದು ಮೂಲೆಗೆ ಪ್ಲಾಸ್ಟಿಕ್ ಹಾಳೆ ಕಟ್ಟಿ ಬೇರೆ ಕೋಣೆ ಮಾಡಿದೆವು. ಚಪ್ಪಲಿ ಹೊರಗೆ, ಕೈಗೆ ಬಿಳಿ ಗ್ಲೌಸು. ನಮ್ಮ ವೆಲ್ಡರ್, ಕೊಕ್ಕಡದವನು, ಬಾಯಿಯಲ್ಲಿ ಯಾವಾಗಲೂ ತಮಾಷೆ. ಮೊದಲ ದಿನ ಒಳಗೆ ಇಣುಕಿದವನು, "ಬಾಣಂತಿ ಕೋಣೆ ರೆಡಿ ಆಯ್ತು. ಎಣ್ಣೆ ನೀರು ಯಾವಾಗ ಪೊಲೀಸ್ರೇ?" ಎಂದ. ಆದರೆ ಅವನಷ್ಟು ಚೊಕ್ಕವಾಗಿ ಕೆಲಸ ಮಾಡಿದವರು ಇನ್ನೊಬ್ಬರಿಲ್ಲ.

ಒತ್ತಡ ಪರೀಕ್ಷೆಗೆ ಬೇಕಾದ ಡಿಸ್ಟಿಲ್ಡ್ ನೀರನ್ನು ಮೂಡಬಿದ್ರೆಯಿಂದ ಕ್ಯಾನುಗಳಲ್ಲಿ ತರಿಸಿದೆವು. ಅಲ್ಲಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ನನ್ನ ಹಳೇ ಸಹಪಾಠಿ ಪ್ರತಿ ಕ್ಯಾನನ್ನೂ ಪರೀಕ್ಷೆ ಮಾಡಿ ಕೊಡುತ್ತಿದ್ದ. ಆರೂ ಕೂಲರುಗಳು ಪರೀಕ್ಷೆಯಲ್ಲಿ ಪಾಸಾದವು. ಒಂದು ಗಂಟೆ ಹೊತ್ತು ಮುಳ್ಳು ಅಲುಗಲಿಲ್ಲ. ಬಿಸಿ ಗಾಳಿ ಊದಿ ಒಣಗಿಸಿದೆವು. ಬಾಯಿ ಮುಚ್ಚುವ ಕ್ಯಾಪುಗಳು ಬೆಂಗಳೂರಿನಿಂದ ಇನ್ನೂ ಬಂದಿರಲಿಲ್ಲವಾದ್ದರಿಂದ ಸದ್ಯಕ್ಕೆ ಪಾಲಿಥಿನ್ ಸುತ್ತಿ ಕಟ್ಟಿಟ್ಟೆವು. ಮುಂದಿನ ಗುರುವಾರ ಅಧಿಕಾರಿ ತಪಾಸಣೆಗೆ ಬರುವವರು. ನಡುವೆ ಆಯುಧಪೂಜೆ.

ನಮ್ಮ ವರ್ಕ್‌ಶಾಪಿನಲ್ಲಿ ಆಯುಧಪೂಜೆ ಜೋರು. ಧಣಿಯೇ ಹಿಂದಿನ ದಿನ ಪೇಟೆಗೆ ಹೋಗಿ ತೆಂಗಿನಕಾಯಿ, ಹೂ, ಅರಳು, ಅವಲಕ್ಕಿ, ಬೆಲ್ಲ ಎಲ್ಲ ತಂದಿಡುತ್ತಿದ್ದರು. ಪೂಜೆಯ ಹೊತ್ತಿಗೆ ಬಾಗಿಲ ಹತ್ತಿರ ನಿಂತಿದ್ದು, ಕೊನೆಗೆ ಅವಲಕ್ಕಿಯ ಪೊಟ್ಟಣ ತೆಗೆದುಕೊಂಡು ಮಕ್ಕಳಿಗೆಂದು ಮನೆಗೆ ಒಯ್ಯುತ್ತಿದ್ದರು. ಪೂಜೆ ಮೇಸ್ತ್ರಿಯದ್ದು. ಲೇತು, ಡ್ರಿಲ್ಲು, ವೆಲ್ಡಿಂಗ್ ಸೆಟ್ಟು ಎಲ್ಲವನ್ನೂ ತೊಳೆದು ಗಂಧ ಕುಂಕುಮ ಹಚ್ಚಿ, ಕಾಯಿ ಒಡೆದು ಅದರ ನೀರನ್ನು ಲೋಟದಲ್ಲಿ ಹಿಡಿದು, ಮಾವಿನೆಲೆಯಿಂದ ಎಲ್ಲದಕ್ಕೂ ಚಿಮುಕಿಸುವುದು ಅವರ ಪದ್ಧತಿ.

ಎಲ್ಲ ಯಂತ್ರಗಳೂ ಹೂ ಮುಡಿದು ನಿಂತಾಗ ನನಗೆ ಕೂಲರುಗಳ ನೆನಪಾಯಿತು. ಆ ಎರಡು ತಿಂಗಳು ನಾನು ಅನುಭವಿಸಿದ ಹೆದರಿಕೆ ದೇವರಿಗಲ್ಲದೆ ಬೇರೆ ಯಾರಿಗೂ ಹೇಳುವಂತಹದ್ದಾಗಿರಲಿಲ್ಲ. ನಾಲ್ಕು ಜನ ಸೇರಿ ಆರನ್ನೂ ಹೊರಗೆ ತಂದು ಸಾಲಾಗಿ ನಿಲ್ಲಿಸಿದೆವು. ಪ್ಲಾಸ್ಟಿಕ್ಕಿನ ಮೇಲೆ ಕುಂಕುಮ ನಿಲ್ಲುವುದಿಲ್ಲ ಎಂದು ಹೊದಿಕೆ ಬಿಚ್ಚಿದ್ದೂ ನಾನೇ. ಮೇಸ್ತ್ರಿ ನನ್ನ ಮುಖ ನೋಡಿದರು.

"ಇದಕ್ಕೆ ಆಗ್ತದಾ? ನಿಮ್ಮ ರೂಲ್ಸು ಉಂಟಲ್ಲ."

"ಹಾಕಿ ಅಣ್ಣ," ಎಂದೆ. "ಇವುಗಳಿಗೆ ಸ್ವಲ್ಪ ಹೆಚ್ಚೇ ಇರಲಿ. ದೂರ ಹೋಗುವವು."

ಮತ್ತೆ ನಾನು ಕೈ ಮುಗಿದು ಕಣ್ಣು ಮುಚ್ಚಿದೆ. ನನ್ನ ತಲೆಯಲ್ಲಿದ್ದ ನಿಷೇಧದ ಪಟ್ಟಿಯಲ್ಲಿ ಬೆವರಿತ್ತು, ಮಾರ್ಕರ್ ಪೆನ್ನಿತ್ತು. ತೆಂಗಿನಕಾಯಿ ಇರಲಿಲ್ಲ. ಅದು ದೇವರ ಲೆಕ್ಕದ್ದು, ಕ್ಲೋರೈಡಿನ ಲೆಕ್ಕಕ್ಕೆ ಬರುವುದಿಲ್ಲ ಎಂದು ಮನಸ್ಸು ತಾನಾಗಿಯೇ ವಿಂಗಡಿಸಿಬಿಟ್ಟಿತ್ತು. ಪೂಜೆ ಮುಗಿದ ಮೇಲೆ ಒಣಬಟ್ಟೆಯಲ್ಲಿ ಕುಂಕುಮ ಒರೆಸಿ, ಮತ್ತೆ ಪಾಲಿಥಿನ್ ಸುತ್ತಿ ಒಳಗಿಟ್ಟು, ಹಬ್ಬದ ರಜೆಗೆ ಮನೆಗೆ ಹೋದೆ. ಬಹಳ ದಿನಗಳ ಮೇಲೆ ಚೆನ್ನಾಗಿ ನಿದ್ದೆ ಬಂತು.

ಸೋಮವಾರ ಬೆಳಿಗ್ಗೆ ಪ್ಲಾಸ್ಟಿಕ್ ಕೋಣೆಗೆ ಹೋದರೆ ನೆಲದಲ್ಲಿ ಇರುವೆಗಳ ಸಾಲು. ಸಾಲು ಐದನೇ ಕೂಲರಿನ ಕಾಲಿನಿಂದ ಏರಿ, ಪಾಲಿಥಿನ್ನಿನ ಗಂಟಿನ ಎಡೆಯಿಂದ ಬಾಯಿಯೊಳಗೆ ಹೋಗುತ್ತಿತ್ತು. ಆರನೆಯದರಲ್ಲೂ ಅದೇ. ಇರುವೆ ಉಕ್ಕು ತಿನ್ನಲಿಕ್ಕೆ ಬರುವುದಿಲ್ಲವಲ್ಲ ಎಂದು ನೋಡುತ್ತಾ ನಿಂತವನಿಗೆ ಒಮ್ಮೆಲೇ ಲೋಟದ ಸಿಹಿ ಕಾಯಿನೀರು ನೆನಪಾಯಿತು.

ಆಗ ಮಾಡಿದ್ದು ಎರಡನೇ ತಪ್ಪು. ಮೊದಲು ಮಾದರಿ ತೆಗೆಯಬೇಕಿತ್ತು. ನಾನು ಗಾಬರಿಯಲ್ಲಿ ಉಳಿದಿದ್ದ ಡಿಸ್ಟಿಲ್ಡ್ ನೀರನ್ನು ಹೊಯ್ದು ಆರನ್ನೂ ತೊಳೆದು ಚೆಲ್ಲಿದೆ. ಚೆಲ್ಲಿದ ಮೇಲೆ ತಲೆ ಹೊಡೆದುಕೊಂಡೆ. ಯಾವುದರೊಳಗೆ ಎಷ್ಟಿತ್ತೆಂದು ಹೇಳಬಲ್ಲ ನೀರು ಚರಂಡಿಗೆ ಹೋಗಿತ್ತು. ಎರಡನೇ ಸಲ ತೊಳೆದ ನೀರನ್ನು ಆರು ಬಾಟಲಿಗಳಲ್ಲಿ ಹಿಡಿದು, ನಂಬರು ಬರೆದು, ಬಿ.ಸಿ. ರೋಡಿಗೆ ಹೋಗಿ ಸಿದ್ಧಕಟ್ಟೆ ದಾರಿಯ ಬಸ್ಸು ಹತ್ತಿದೆ. ಮೂಡಬಿದ್ರೆ ತಲುಪುವವರೆಗೂ ಚೀಲವನ್ನು ಮಡಿಲಿನಿಂದ ಇಳಿಸಲಿಲ್ಲ.

ಸಹಪಾಠಿ ತರಗತಿ ಮುಗಿಸಿ ಬಂದ. ಎಳನೀರಿನಲ್ಲಿ, ಕಾಯಿ ನೀರಿನಲ್ಲಿ ಕ್ಲೋರೈಡ್ ಇರುತ್ತದಾ ಎಂದು ಕೇಳಿದೆ.

"ಭೇದಿ ಆದವರಿಗೆ ಎಳನೀರು ಯಾಕೆ ಕೊಡುವುದು ಮಾರಾಯ? ಅದರಲ್ಲಿ ಉಪ್ಪಿನಂಶ ಉಂಟು ಅಂತ. ಅಷ್ಟೂ ಗೊತ್ತಿಲ್ವಾ ನಿನಗೆ?"

ಗೊತ್ತಿತ್ತು. ಅದೇ ಹೊಟ್ಟೆಯುರಿ. ನನ್ನ ತಾಯಿಯೇ ನನಗೆ ಎಷ್ಟು ಸಲ ಕುಡಿಸಿದ್ದರು.

ಆರು ಗಾಜಿನ ನಳಿಗೆಗಳಲ್ಲಿ ನೀರು ಹಾಕಿ ಒಂದೊಂದಕ್ಕೂ ಸಿಲ್ವರ್ ನೈಟ್ರೇಟಿನ ಹನಿ ಬಿಟ್ಟ. ಕ್ಲೋರೈಡ್ ಇದ್ದರೆ ಬೆಳ್ಳಗೆ ಮಬ್ಬಾಗುತ್ತದೆ. ಒಂದರಿಂದ ನಾಲ್ಕರವರೆಗೆ ತಿಳಿಯಾಗಿಯೇ ಉಳಿಯಿತು. ಐದು ಮತ್ತು ಆರು ಅಕ್ಕಿ ತೊಳೆದ ನೀರಿನ ಹಾಗಾದವು.

"ಎರಡು ಸಲ ತೊಳೆದ ಮೇಲೂ ಇಷ್ಟು ಉಂಟು ಅಂದರೆ ಎಲ್ಲೋ ಕೂತಿದೆ," ಎಂದ. "ಇನ್ನೊಂದೆರಡು ಸಲ ತೊಳೆದರೆ ನೀರು ತಿಳಿ ಬರಬಹುದು. ಆದರೆ ಸಂದಿಯಲ್ಲಿ ಇದ್ದದ್ದು ಹೋಯ್ತು ಅಂತ ನಾನು ಹೇಳುವುದಿಲ್ಲ."

ಸಂದು ಇತ್ತು. ನಳಿಗೆಗಳನ್ನು ಹಿಡಿದಿಡುವ ದಪ್ಪ ತಟ್ಟೆಯೊಂದು ಕೂಲರಿನ ಬುಡದಲ್ಲಿರುತ್ತದೆ. ನಳಿಗೆ ತಟ್ಟೆಯೊಳಗೆ ಹೊಕ್ಕಲ್ಲಿ ಕೂದಲೆಳೆಯಷ್ಟು ಎಡೆ. ಪೂಜೆಯ ದಿನ ಕೂಲರುಗಳು ನೆಟ್ಟಗೆ ನಿಂತಿದ್ದವು, ಬಾಯಿ ಮೇಲಿತ್ತು. ಮೇಲಿಂದ ಬಿದ್ದ ನೀರು ಹೋಗಿ ನಿಲ್ಲುವುದು ಆ ತಟ್ಟೆಯ ಮೇಲೆಯೇ. ಆ ಎಡೆಗೆ ಇಳಿದು ಒಣಗಿದ ಉಪ್ಪನ್ನು ಹೊರಗೆ ತೆಗೆಯುವ ಉಪಾಯ ನನಗೆ ಗೊತ್ತಿರಲಿಲ್ಲ. ಅವನಿಂದ ಹನಿಯ ಬಾಟಲಿಯನ್ನು ಕಪ್ಪು ಕಾಗದದಲ್ಲಿ ಸುತ್ತಿಸಿಕೊಂಡು ವಾಪಸು ಬಂದೆ.

ಮಂಗಳವಾರ ಬೆಳಿಗ್ಗೆ ಮೇಸ್ತ್ರಿಯನ್ನು ಕೇಳಿದೆ. "ಅಣ್ಣ, ಆ ದಿನ ಕಾಯಿ ನೀರು ಒಳಗೆ ಹಾಕಿದ್ರಾ?"

ಅವರು ನನ್ನ ಮುಖವನ್ನೇ ನೋಡಿದರು. ಹಿಂದಿನ ದಿನ ನಾನು ಇರುವೆಗಳ ಮುಂದೆ ನಿಂತಿದ್ದನ್ನು ಅವರು ಕಂಡಿದ್ದರು.

"ಕೊನೆಯ ಎರಡಕ್ಕೆ," ಎಂದರು. "ಲೋಟದಲ್ಲಿ ಉಳಿದದ್ದನ್ನು. ನೀವೇ ಹೇಳಿದ್ದಲ್ವಾ, ಹೆಚ್ಚು ಇರಲಿ ಅಂತ."

"ಬೇರೆ ನಾಲ್ಕಕ್ಕೆ?"

"ಹೊರಗಿಂದ ಚಿಮುಕಿಸಿದ್ದು."

ಇರುವೆ ಎರಡರಲ್ಲಿ, ಮಬ್ಬು ಎರಡರಲ್ಲಿ, ಮೇಸ್ತ್ರಿ ಹೇಳಿದ್ದೂ ಎರಡೇ. ಮೂರೂ ಕೂಡಿಬಂದದ್ದು ನೋಡಿ ಅಷ್ಟರಮಟ್ಟಿಗಾದರೂ ಉಸಿರು ಬಂತು.

ಧಣಿಗೆ ಹೇಳಲು ಹೋದೆ. ಆ ಕೆಲಸದ ಮೇಲೆ ಅವರು ಇಟ್ಟಿದ್ದ ಆಸೆ ನನಗೆ ಗೊತ್ತಿತ್ತು. ಗಿರಣಿಯ ಪೈಪು ಮಾಡುವವರು ಎಂಬ ಹೆಸರಿನಿಂದ ಹೊರಗೆ ಬರುವ ಒಂದೇ ದಾರಿ ಅದು. ಈ ಆರು ಪಾಸಾದರೆ ಇನ್ನಷ್ಟು, ಫೇಲಾದರೆ ನಮ್ಮ ಹೆಸರು ಅಲ್ಲಿಗೆ ಮುಗಿಯಿತು. ಅವರು ಪೂರ್ತಿ ಕೇಳಿದರು. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

"ಇನ್ನೊಮ್ಮೆ ತೊಳೆದು ನೀರು ತಿಳಿ ಬಂದರೆ ರಿಪೋರ್ಟ್ ಸರಿ ಆಗ್ತದಾ?"

"ರಿಪೋರ್ಟ್ ಸರಿ ಆಗ್ತದೆ. ಕೂಲರ್ ಸರಿ ಆಯ್ತಾ ಗೊತ್ತಾಗುವುದಿಲ್ಲ."

"ಗೊತ್ತಾಗಬೇಕಾದ್ರೆ?"

"ಕೊಯ್ದು ನೋಡಬೇಕು."

ಅವರು, "ವೆಲ್ಡರನ್ನು ಕರ್ಕೊಂಡು ಬಾ. ಅವನು ಹಾಕಿದ ವೆಲ್ಡನ್ನು ಅವನಿಲ್ಲದೆ ಕೊಯ್ಯುವುದು ಬೇಡ. ಆರನೆಯದನ್ನು ಕೊಯ್ಯುವ," ಎಂದರು.

ವೆಲ್ಡರ್ ಹಬ್ಬಕ್ಕೆ ಊರಿಗೆ ಹೋದವನು ಬುಧವಾರ ಸಂಜೆಗೆ ಬರುವುದೆಂದಿತ್ತು. ಅವನ ಮನೆಗೆ ಫೋನಿಲ್ಲ. ಉಪ್ಪಿನಂಗಡಿಯಲ್ಲಿ ಬಸ್ಸು ಬದಲಿಸಿ ಕೊಕ್ಕಡ ತಲುಪುವಾಗ ಮಧ್ಯಾಹ್ನ ದಾಟಿತ್ತು. ಅವನು ಅಂಗಳದಲ್ಲಿ ರಬ್ಬರ್ ಶೀಟುಗಳನ್ನು ಹಗ್ಗಕ್ಕೆ ಹಾಕುತ್ತಿದ್ದ. ನನ್ನನ್ನು ಕಂಡು, "ಪೊಲೀಸ್ ಮನೆಗೇ ಬಂದ್ರಾ," ಎಂದು ನಕ್ಕವನು, ವಿಷಯ ಕೇಳಿ ಶೀಟನ್ನು ಅಲ್ಲೇ ಕಲ್ಲಿನ ಮೇಲೆ ಇಟ್ಟ. ದಾರಿಯುದ್ದಕ್ಕೂ ಒಂದು ತಮಾಷೆ ಮಾಡಲಿಲ್ಲ. ಬಿ.ಸಿ. ರೋಡಿನ ಹತ್ತಿರ ಮಾತ್ರ ಕೇಳಿದ, "ನನ್ನ ವೆಲ್ಡ್ ಸರಿ ಉಂಟಲ್ಲ?"

"ನಿನ್ನ ವೆಲ್ಡಿಗೆ ಏನೂ ಆಗಿಲ್ಲ."

"ಹಾಗಾದ್ರೆ ಕೊಯ್ಯುವ," ಎಂದು ಕಿಟಕಿಯ ಕಡೆ ತಿರುಗಿದ.

ಬುಧವಾರ ಬೆಳಿಗ್ಗೆ ಆರನೇ ಕೂಲರನ್ನು ಇನ್ನೊಂದು ಸಲ ತೊಳೆದೆವು. ನೀರು ತಿಳಿಯಾಗಿ ಬಂತು. ಕಾಗದದ ಮೇಲೆ ಅದು ಪಾಸು. ಅದನ್ನು ಒಣಗಿಸಿ ಲೇತಿಗೆ ಏರಿಸಿ, ಎಣ್ಣೆ ನೀರು ಯಾವುದೂ ಸೋಕದ ಹಾಗೆ ಮೇಸ್ತ್ರಿ ಒಣ ಕತ್ತರಿಕೆ ಶುರು ಮಾಡಿದರು. ನಿಧಾನವಾಗಿ, ಒಂದೊಂದೇ ಸುತ್ತು. ಧಣಿ ಹಿಂದೆ ಕೈಕಟ್ಟಿ ನಿಂತಿದ್ದರು. ಹೊರಕವಚ ಬೇರೆಯಾಗಿ ಜಾರಿದಾಗ ಒಳಗಿನ ನಳಿಗೆಗಳ ಕಟ್ಟು ಹೊಳೆಯುತ್ತಿತ್ತು. ತಟ್ಟೆಯ ಮೇಲೆ ಕಣ್ಣಿಗೆ ಏನೂ ಕಾಣಲಿಲ್ಲ. ಒದ್ದೆ ಮಾಡಿದ ಸೋಸುಕಾಗದದ ಚೂರನ್ನು ನಳಿಗೆಯ ಬುಡಕ್ಕೆ ಒತ್ತಿ ಹಿಡಿದು, ಐದು ನಿಮಿಷ ಬಿಟ್ಟು ತೆಗೆದು, ಅದನ್ನು ಸ್ವಲ್ಪ ಶುದ್ಧ ನೀರಿನಲ್ಲಿ ಅಲುಗಿಸಿ ಹನಿ ಬಿಟ್ಟೆ. ಮಬ್ಬಾಯಿತು. ಇನ್ನೊಂದು ನಳಿಗೆಗೆ ಒತ್ತಿದೆ. ಅದೂ ಮಬ್ಬು.

ನೀರು ತಿಳಿ ಬಂದದ್ದಕ್ಕೆ ಬೆಲೆಯಿಲ್ಲ ಎಂದು ಎಲ್ಲರಿಗೂ ಅರ್ಥವಾಗಿತ್ತು. ನಾನು ಕೊಯ್ಯದೆ ಸಹಿ ಹಾಕಿದ್ದರೆ ಎಂಬ ಯೋಚನೆಯಲ್ಲಿ ಬಾಟಲಿ ವಾಲಿ ಹನಿ ಬೆರಳಿಗೆ ಬಿತ್ತು. ಆ ದ್ರಾವಣ ಚರ್ಮಕ್ಕೆ ಬಿದ್ದರೆ ಕಪ್ಪು ಕಲೆಯಾಗುತ್ತದೆ. ಒಂದು ವಾರ ಹೋಗಲಿಲ್ಲ.

ಊಟದ ಮೇಲೆ ಧಣಿ ನನ್ನನ್ನು ಕರೆದು ಬಾಗಿಲು ಮುಚ್ಚಿದರು.

"ಎರಡು ಕೆಟ್ಟಿದೆ ಅಂತ ಫ್ಯಾಕ್ಸ್ ಮಾಡು. ಮುಚ್ಚಿಡುವುದು ಬೇಡ. ಆದರೆ ಪೂಜೆ ಅಂತ ಬರೆಯಬೇಡ."

ನಾನು ಮೇಜಿನಿಂದ ಒಂದು ಕಾಗದ ತೆಗೆದುಕೊಂಡೆ.

"ನಿನಗೆ ಅರ್ಥ ಆಗ್ತದಲ್ಲ. ಬೆಂಗಳೂರಿನವರು ಇನ್ನು ಮೇಲೆ ಪೂಜೆ ಮಾಡಬೇಡಿ ಅಂತ ಕಾಗದ ಕಳಿಸ್ತಾರೆ. ನಾನು ಅದನ್ನು ಗೋಡೆಗೆ ಹಾಕಬೇಕು. ಆಮೇಲೆ ಊರಲ್ಲಿ ಎಂತ ಆಗ್ತದೆ? ಬ್ಯಾರಿ ತನ್ನ ವರ್ಕ್‌ಶಾಪಿನಲ್ಲಿ ಆಯುಧಪೂಜೆ ನಿಲ್ಲಿಸಿದ ಅಂತ. ಈಗಿನ ಗಾಳಿ ಹೇಗೆ ಉಂಟು ಅಂತ ನೋಡ್ತಾ ಇದ್ದೀಯಲ್ಲ. ಕೂಲರ್ ಹೋದರೆ ಹೋಗ್ಲಿ, ಆ ಮಾತು ಬಂದರೆ ನಾನು ಇಲ್ಲಿ ಇರ್ಲಿಕ್ಕಿಲ್ಲ."

ಅವರ ಹೆದರಿಕೆ ನನ್ನದಕ್ಕಿಂತ ದೊಡ್ಡದೆಂದು ನನಗೆ ಆಗ ತಿಳಿಯಿತು, ನಾಚಿಕೆಯೂ ಆಯಿತು. ಪ್ರತಿ ವರ್ಷ ಅವಲಕ್ಕಿ ಬೆಲ್ಲ ತಂದ ಮನುಷ್ಯ. ಕಾಯಿ ಒಡೆಸಿದವನು ನಾನು, ಊರಿನ ಮಾತು ಬೀಳುವುದು ಅವರ ತಲೆಗೆ. ಫ್ಯಾಕ್ಸಿನ ಕಾಗದವನ್ನು ನಾಲ್ಕು ಸಲ ಹರಿದೆ. ಕೊನೆಗೆ ಬರೆದದ್ದು ಇಷ್ಟು: ಗುಣಮಟ್ಟ ನೋಡಬೇಕಾದ ನಾನೇ ಕೂಲರುಗಳ ಹೊದಿಕೆ ಬಿಚ್ಚಿಸಿದ್ದೇನೆ, ನನ್ನ ಮಾತಿನ ಮೇಲೆಯೇ ತೆಂಗಿನಕಾಯಿಯ ನೀರು ಎರಡು ಕೂಲರುಗಳ ಒಳಗೆ ಬಿದ್ದಿದೆ, ತೊಳೆದ ನೀರು ತಿಳಿ ಬಂದರೂ ಸಂದಿಯಲ್ಲಿ ಕ್ಲೋರೈಡ್ ಇರುವುದನ್ನು ಕೊಯ್ದು ನೋಡಿದ್ದೇವೆ, ಉಳಿದ ನಾಲ್ಕು ಸರಿ ಇವೆ. ಯಾವ ದಿನ, ಯಾಕೆ ಎಂದು ಬರೆಯಲಿಲ್ಲ. ಧಣಿ ಎರಡು ಸಲ ಓದಿ, "ನಿನ್ನ ಹೆಸರು ಮಾತ್ರ ಹಾಕಿದ್ದೀಯ," ಎಂದರು. ತಮ್ಮ ಸಹಿಯನ್ನೂ ಕೆಳಗೆ ಹಾಕಿ ಕಳಿಸಿದರು.

ಗುರುವಾರ ಅಧಿಕಾರಿ ಬಂದರು. ಮೊದಲು ನನ್ನ ಬೆರಳು ನೋಡಿದರು, ಆಮೇಲೆ ಕೊಯ್ದ ಕೂಲರನ್ನು. ಅವರೂ ತಮ್ಮ ಕೈಯಿಂದಲೇ ಕಾಗದ ಒತ್ತಿ ಪರೀಕ್ಷೆ ಮಾಡಿದರು. ಐದು ಮತ್ತು ಆರಕ್ಕೆ ತಿರಸ್ಕಾರದ ಕೆಂಪು ಚೀಟಿ ಕಟ್ಟಿದರು. ನಂತರ ಉಳಿದ ನಾಲ್ಕರ ಕಾಗದಗಳನ್ನು ನನ್ನ ಮುಂದೆ ಸರಿಸಿದರು.

"ಈ ನಾಲ್ಕರ ಒಳಗೆ ಏನೂ ಬಿದ್ದಿಲ್ಲ ಅಂತ ನೀವು ಸಹಿ ಮಾಡಿದ್ರೆ ನಾನು ಬಿಡ್ತೀನಿ. ಆ ನೀರು ಬಿದ್ದಾಗ ಹತ್ತಿರ ಇದ್ದೋರು ನೀವು. ನೀವೇ ನೋಡಿದ್ದೀರಲ್ವಾ?"

ನಾನು ಪೆನ್ನು ಹಿಡಿದೆ. ನೋಡಿದ್ದೆನೇ? ನಾನು ಅಲ್ಲೇ ಇದ್ದೆ, ಮೂರು ಅಡಿ ದೂರದಲ್ಲಿ. ಕಣ್ಣು ಮುಚ್ಚಿಕೊಂಡು. ನೀರು ತಿಳಿ ಬಂದಿತ್ತು, ಇರುವೆ ಇರಲಿಲ್ಲ, ಮೇಸ್ತ್ರಿ ಹೇಳಿದ್ದರು. ಆದರೆ ತಿಳಿ ನೀರಿಗೆ ಬೆಲೆಯಿಲ್ಲವೆಂದು ನಾನೇ ಬರೆದು ಕಳಿಸಿದ್ದೆ. ಪೆನ್ನು ಕಾಗದದ ಮೇಲೆ ನಿಂತೇ ಇತ್ತು. ಧಣಿ, ವೆಲ್ಡರ್ ಇಬ್ಬರೂ ನನ್ನ ಕೈಯನ್ನೇ ನೋಡುತ್ತಿದ್ದರು.

ಆಗ ಮೇಸ್ತ್ರಿ ಲೇತಿನ ಹತ್ತಿರದಿಂದ ಕೇಳಿದರು, "ಮೇಡಂ, ಇದು ಅಲ್ಲಿ ಎಂತ ಕೆಲಸ ಮಾಡುವುದು? ನಮಗೆ ಯಾರೂ ಹೇಳಿಲ್ಲ."

ಅಧಿಕಾರಿ ನನ್ನ ಕಡೆ ಒಮ್ಮೆ ನೋಡಿದರು. ಎದ್ದು ಹೋಗಿ ನನ್ನ ಗೋಡೆಯಲ್ಲಿದ್ದ ಆ ಗೆರೆಯ ಕಾಗದವನ್ನು ಕಿತ್ತು ತಂದು ಮೇಸ್ತ್ರಿಯ ಮುಂದೆ ಹಿಡಿದರು. ನನಗೆ ಹೇಳಿದ್ದನ್ನೇ ಅವರಿಗೂ ಹೇಳಿದರು. ಬೆಂಕಿ ಆರಿಸಿದ ಮೇಲೂ ಬಿಸಿ ಹುಟ್ಟುತ್ತಲೇ ಇರುವುದನ್ನು, ದಿನಗಟ್ಟಲೆ, ತಿಂಗಳುಗಟ್ಟಲೆ ನೀರು ತಿರುಗುತ್ತಲೇ ಇರಬೇಕಾದದ್ದನ್ನು.

"ಆ ನೀರು ನಿಂತರೆ?" ಮೇಸ್ತ್ರಿ ಕೇಳಿದರು.

"ಒಳಗಿರೋದು ಹೊರಗೆ ಬರಬಹುದು. ಅಲ್ಲಿ ಕೆಲಸದಲ್ಲಿರೋರು, ಸುತ್ತಮುತ್ತಲಿನ ಊರಿನೋರು, ಎಲ್ಲರೂ ಈ ನೀರನ್ನ ನಂಬಿಕೊಂಡಿದ್ದಾರೆ."

ಮೇಸ್ತ್ರಿ ಕಾಗದವನ್ನು ಕೈಗೆ ತೆಗೆದುಕೊಂಡರು. ಅವರ ಬೆರಳು ಆ ಗೆರೆಯ ಮೇಲೆ ಕೊನೆಯವರೆಗೂ ಹೋಯಿತು. ಮತ್ತೆ ನನ್ನನ್ನು ನೋಡದೆ ಹೇಳಿದರು.

"ಸಹಿ ಹಾಕಬೇಡಿ. ಆರಕ್ಕೂ ಹಾಕಿದ್ದೇನೆ. ಕೊನೆಯ ಎರಡಕ್ಕೆ ಉಳಿದದ್ದು ಜಾಸ್ತಿ ಬಿತ್ತು, ಅಷ್ಟೇ. ಒಂದಕ್ಕೆ ಕೊಟ್ಟು ಒಂದಕ್ಕೆ ಬಿಡ್ಲಿಕ್ಕೆ ಆಗ್ತದಾ? ದೇವರ ನೀರಲ್ಲಿ ಹಾಗೆ ಭೇದ ಮಾಡ್ಲಿಕ್ಕಿಲ್ಲ."

"ಅವತ್ತು ಯಾಕೆ ಎರಡು ಅಂದ್ರಿ ಅಣ್ಣ?" ಎಂದೆ.

"ನಿಮ್ಮ ಮುಖ ನೋಡಿ ಹೆದರಿಕೆ ಆಯ್ತು. ನಾಲ್ಕಾದರೂ ಉಳಿಯಲಿ ಅಂತ."

ಧಣಿ ಗೋಡೆಗೆ ಒರಗಿದರು. ಅಧಿಕಾರಿ ನಾಲ್ಕು ಕೆಂಪು ಚೀಟಿಗಳನ್ನು ಚೀಲದಿಂದ ತೆಗೆದರು. ಕಾರಣದ ಜಾಗದಲ್ಲಿ ಏನು ಬರೆಯಲಿ ಎಂದು ಧಣಿಯನ್ನೇ ಕೇಳಿದರು. ಧಣಿ ಮೇಸ್ತ್ರಿಯ ಕಡೆ ನೋಡಿದರು, ನನ್ನ ಕಡೆ ನೋಡಿದರು.

"ಇದ್ದದ್ದು ಬರೆಯಿರಿ," ಎಂದರು. "ಅವರು ಹೇಳಿದ ಮೇಲೆ ನಾನು ಮುಚ್ಚುವುದು ಸರಿಯಲ್ಲ."

ಅಧಿಕಾರಿ ಬರೆದದ್ದನ್ನು ಓದಿ ಹೇಳಿದರು. ತಯಾರಕರು ತಾವಾಗಿಯೇ ತಿಳಿಸಿದ ಕಾರಣ ಕ್ಲೋರೈಡ್ ಸೋಂಕು ಪತ್ತೆಯಾಗಿದೆ, ಮೂಲ ತೆಂಗಿನಕಾಯಿ ನೀರು. ಪೂಜೆ ಎಂಬ ಪದ ಅದರಲ್ಲಿರಲಿಲ್ಲ. ಅವರಿಗೆ ಅರ್ಥವಾಗಿತ್ತೋ, ಅಥವಾ ಅವರ ಫಾರಮಿನಲ್ಲಿ ಅಷ್ಟೇ ಜಾಗವಿತ್ತೋ, ನಾನು ಕೇಳಲಿಲ್ಲ.

ಕೆಂಪು ಚೀಟಿಯ ವಸ್ತುವನ್ನು ಯಾರೂ ಮತ್ತೆ ಬಳಸದಂತೆ ಅಧಿಕಾರಿಯ ಎದುರಿನಲ್ಲೇ ತುಂಡು ಮಾಡಬೇಕು. ಉಳಿದ ಐದನ್ನೂ ಮೇಸ್ತ್ರಿಯೇ ಲೇತಿಗೆ ಏರಿಸಿದರು. ಒಂದೊಂದನ್ನೂ ಕೊಯ್ಯುವ ಮೊದಲು ಮುಟ್ಟಿ ಕೈಯನ್ನು ಕಣ್ಣಿಗೆ ಒತ್ತಿಕೊಂಡರು. ಮೊದಲನೆಯದರ ತಟ್ಟೆಗೆ ಕಾಗದ ಒತ್ತಿ ನೋಡಿದೆವು. ತೆಳುವಾಗಿ, ಆದರೆ ಸಂಶಯವಿಲ್ಲದಂತೆ ಮಬ್ಬಾಯಿತು. ನಾನು ಸಹಿ ಹಾಕಲು ಹೊರಟದ್ದು ಅದಕ್ಕೆ. ವೆಲ್ಡರ್ ತನ್ನ ವೆಲ್ಡುಗಳು ತುಂಡಾಗುವುದನ್ನು ಕೊನೆಯವರೆಗೂ ನಿಂತು ನೋಡಿ, ಚೂರುಗಳನ್ನು ತಾನೇ ಗುಡಿಸಿದ.

ಬೆಂಗಳೂರಿನ ಕಂಪನಿ ನಮ್ಮ ಕೈಯಿಂದ ಕೆಲಸ ತೆಗೆದು ಬೇರೆಯವರಿಗೆ ಕೊಟ್ಟಿತು. ಪ್ರಾಮಾಣಿಕತೆ ಮೆಚ್ಚುವಂಥದ್ದೆಂದು ಒಂದು ಸಾಲು, ಮುಂದಿನ ಆರ್ಡರುಗಳಿಗೆ ಪರಿಗಣಿಸಲಾಗದೆಂದು ಇನ್ನೊಂದು ಸಾಲು. ನಾವು ಮತ್ತೆ ಗಿರಣಿಯ ಪೈಪುಗಳಿಗೆ ಮರಳಿದೆವು. ಧಣಿ ನನ್ನನ್ನು ತೆಗೆದುಹಾಕಲಿಲ್ಲ. ಊರಲ್ಲಿ ಅವರು ಹೆದರಿದ ಮಾತೂ ಹುಟ್ಟಲಿಲ್ಲ.

ಒಮ್ಮೆ ಊಟದ ಹೊತ್ತಿಗೆ ಮೇಸ್ತ್ರಿ ಕೇಳಿದರು, "ನಾನು ಬಾಯಿ ಬಿಡದೆ ಇದ್ದಿದ್ರೆ ಎಂತ ಆಗ್ತಿತ್ತು?"

"ಏನೂ ಆಗದೆ ಇರಲೂಬಹುದಿತ್ತು ಅಣ್ಣ," ಎಂದೆ. ನಿಜವೂ ಅದೇ.

ನಮ್ಮ ಆರರ ಒಳಗೆ ಏನು ಬಿದ್ದಿತ್ತೆಂದು ನನಗೆ ಗೊತ್ತು. ಅವು ತುಂಡಾಗಿ ಗುಜರಿಗೆ ಹೋದವು. ಅವುಗಳ ಬದಲಿಗೆ ಇನ್ಯಾರೋ, ಇನ್ಯಾವುದೋ ಊರಿನಲ್ಲಿ ಮಾಡಿದ ಆರು ಕೂಲರುಗಳು ಈಗ ಆ ಪಂಪುಗಳ ಪಕ್ಕದಲ್ಲಿ ಕೂತಿವೆ. ತೊಳೆದ ನೀರು ತಿಳಿ ಬಂದಿರುತ್ತದೆ, ಕಾಗದಗಳೆಲ್ಲ ಸರಿ ಇರುತ್ತವೆ. ಅವುಗಳನ್ನು ಮಾಡಿದವರಲ್ಲಿ ಯಾರಾದರೂ ಆ ದಿನ ಕಣ್ಣು ಮುಚ್ಚಿಕೊಂಡಿದ್ದರೇ, ನನಗೆ ಗೊತ್ತಿಲ್ಲ.